ಮೇಲಿನ ಒಂದು ಗೇಣು

ಇಸ್ತ್ರಿಯಮ್ಮನ ಮನೆಯಲ್ಲಿ ದಿನಾ ಮೂರು ಬಗೆಯ ಕೊಳೆ ಒಗೆಯಬೇಕಿತ್ತು. ಗಂಡನ ಅಂಗಿ ಕೊಡವಿದರೆ ಕಲ್ಲಿದ್ದಲಿನ ಹರಳು ಉದುರುತ್ತಿತ್ತು. ಅವನು ಗಣಿಯಲ್ಲಿ ಮೇಸ್ತ್ರಿ. ರೈಲುಗಾಡಿಗಳಿಗೆ ಕಲ್ಲಿದ್ದಲು ತುಂಬುವ ಹದಿನಾರು ಆಳುಗಳ ಮೇಲಿನವನು. ಮಗನ ಬಟ್ಟೆಯಲ್ಲಿ ಹರಳಿರಲಿಲ್ಲ, ಕಾಡಿಗೆಯಂಥ ನುಣ್ಣನೆಯ ಪುಡಿ ಇರುತ್ತಿತ್ತು. ಮೂರು ನೀರಿಗೂ ಅದು ಬಿಡುತ್ತಿರಲಿಲ್ಲ. ಅಪ್ಪ ತುಂಬಿಸಿದ ಕಲ್ಲಿದ್ದಲು ಹೋಗಿ ಬೀಳುವ ವಿದ್ಯುತ್ ಸ್ಥಾವರದಲ್ಲಿ, ಅದನ್ನು ಹಿಟ್ಟು ಮಾಡುವ ಮಿಲ್ಲಿನ ಬುಡದಲ್ಲಿ ಅವನು ಗುತ್ತಿಗೆ ಕೂಲಿ. ಮಗಳ ಬಿಳಿ ಕೋಟಿನ ತೋಳಿಗೆ ಮಾತ್ರ ಬೂದಿ ಮೆತ್ತಿರುತ್ತಿತ್ತು. ಅದೇ ಸ್ಥಾವರದ ಲ್ಯಾಬಿನಲ್ಲಿ ಕಲ್ಲಿದ್ದಲಿನ ಚೂರು ಸುಟ್ಟು, ನೂರಕ್ಕೆ ಎಷ್ಟು ಬೂದಿ ಉಳಿಯಿತು ಎಂದು ಬರೆದು ಸಹಿ ಹಾಕುವುದು ಅವಳ ಕೆಲಸ.

ಇಸ್ತ್ರಿಯಮ್ಮ ಮುಂಬಾಗಿಲ ಪಕ್ಕ ಮೇಜು ಹಾಕಿಕೊಂಡು ಆಫೀಸರ ಕಾಲೋನಿಯ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. "ಮೇಸ್ತ್ರಿಗೆ ಇಸ್ತ್ರಿ, ಸರಿಯಾದ ಜೋಡಿ" ಎಂದು ಬೀದಿಯವರು ನಗುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಆ ತಮಾಷೆ ಹಳಸಿ ನಾರುತ್ತಿತ್ತು, ಹೇಳುವವರು ಮಾತ್ರ ಬಿಟ್ಟಿರಲಿಲ್ಲ. ಸ್ಥಾವರದ ಚಿಮಣಿ ಅವಳ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಆದರೂ ಮನೆಗೆ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಆ ಬೀದಿಯವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಾಗಾಗಿ ಅವಳ ಇಸ್ತ್ರಿಪೆಟ್ಟಿಗೆ ಕೆಂಡದ್ದು, ಅಡುಗೆ ಒಲೆ ಕಲ್ಲಿದ್ದಲಿನದು. ತಿಂಗಳಿಗೊಮ್ಮೆ ಗಣಿಯಿಂದ ನೌಕರರ ಮನೆಗೆ ಒಂದು ಚೀಲ ಕಲ್ಲಿದ್ದಲು ಕೊಡುತ್ತಿದ್ದರು. ಮೇಸ್ತ್ರಿ ಅದನ್ನು ತಾನೇ ಆರಿಸಿ ತರುತ್ತಿದ್ದ. ಹೊಳೆಯುವ, ಹಗುರವಾದ, ಕಡ್ಡಿ ಗೀರಿದರೆ ಹತ್ತಿಕೊಳ್ಳುವ ಕಲ್ಲಿದ್ದಲು ಅದು.

ಆ ಸೋಮವಾರ ಸಂಜೆ ಮಗಳು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ.

"ಕಲಸಿದ್ದು ಸಾಕು, ಗೋಡೆಗೆ ಮೆತ್ತೋಕೇನು? ತಿನ್ನು" ಎಂದ ತಮ್ಮ. ಅವನಿಗೆ ಮನೆಯಲ್ಲಿ ಗಿಡ್ಡ ಎಂದು ಹೆಸರು. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಉದ್ದ ಬೆಳೆದ ಮೇಲೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಮಗಳು ಅಪ್ಪನ ಕಡೆ ನೋಡಿದಳು. "ಅಪ್ಪ, ಇವತ್ತು ನಿನ್ನ ರೈಲು ತಿರುಗಿ ಬಂತು."

ಮೇಸ್ತ್ರಿಯ ತುತ್ತು ಅರ್ಧ ದಾರಿಯಲ್ಲೇ ನಿಂತಿತು. "ತಿರುಗಿ ಅಂದ್ರೆ?"

"ನಡುವೆ ಹಳಿ ಕೆಟ್ಟಿತ್ತಂತೆ. ಇಂಜಿನ್ನು ಬಿಚ್ಚಿ ಹಿಂದಿನ ತುದಿಗೆ ಕಟ್ಟಿ, ಸುತ್ತು ದಾರೀಲಿ ಎಳ್ಕೊಂಡು ಬಂದ್ರು. ನಾನು ಯಾವತ್ತಿನ ಹಾಗೆ ಇಂಜಿನ್ ಕಡೆಯಿಂದ ಐದನೇ ಗಾಡಿ, ಹದಿನೈದನೇ ಗಾಡಿ ಅಂತ ಎಣಿಸಿ ಹತ್ತಿದೆ."

ಇದರಲ್ಲಿ ಏನಿದೆ ಎಂದು ಹೊರಗಿನವರು ಕೇಳಬಹುದು. ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಒಂದು ರೈಲಿಗೆ ಐವತ್ತೆಂಟು ಗಾಡಿ. ಸ್ಥಾವರದವರು ಪ್ರತಿ ರೈಲಿನಲ್ಲೂ ಐದನೇ ಗಾಡಿಯಿಂದ ಶುರುಮಾಡಿ ಹತ್ತಕ್ಕೊಂದು ಗಾಡಿ ಹತ್ತಿ ಮಾದರಿ ತೆಗೆಯುತ್ತಾರೆ. ಮೊಳದುದ್ದ ಅಗೆದು ತೆಗೆಯಬೇಕು ಎಂದು ನಿಯಮ. ಗೇಣುದ್ದ ಕೆದಕಿ ತೆಗೆಯುವುದು ರೂಢಿ. ಅದು ಗಣಿಯವರಿಗೆ ಗೊತ್ತು. ಆದ್ದರಿಂದ ಮೇಸ್ತ್ರಿಯ ತಂಡ ಎಲ್ಲ ಗಾಡಿಗೂ ಕಲ್ಲು ಮಣ್ಣು ಬೆರೆತದ್ದನ್ನೇ ತುಂಬಿ, ಆ ಆರು ಗಾಡಿಗಳ ಮೇಲೆ ಮಾತ್ರ ಒಂದು ಗೇಣು ಒಳ್ಳೆಯ ಕಲ್ಲಿದ್ದಲು ಹರಡುತ್ತಿತ್ತು. ಯಾರ್ಡಿನಲ್ಲಿ ಅದಕ್ಕೆ ಸಿಂಗಾರ ಎಂದು ಹೆಸರು. "ಐದನೇದಕ್ಕೆ ಸಿಂಗಾರ ಆಯ್ತಾ?" ಎಂದು ಮೇಸ್ತ್ರಿ ಕೂಗುತ್ತಿದ್ದುದನ್ನು ಮಗಳು ಬುತ್ತಿ ಕೊಡಲು ಹೋಗುತ್ತಿದ್ದ ವಯಸ್ಸಿನಲ್ಲೇ ಕೇಳಿದ್ದಳು. ಈಗ ರೈಲು ಹಿಂದುಮುಂದಾಗಿ, ಸಿಂಗಾರವಿಲ್ಲದ ಗಾಡಿಗಳೇ ಅವಳ ಕೈಗೆ ಸಿಕ್ಕಿದ್ದವು.

"ಎಷ್ಟು ಬಂತು?" ಎಂದ ಮೇಸ್ತ್ರಿ.

"ನಲವತ್ತೇಳು. ಯಾವತ್ತೂ ಮೂವತ್ಮೂರು, ಮೂವತ್ನಾಲ್ಕು. ನಂಬಿಕೆ ಆಗ್ದೆ ಎರಡು ಸಲ ಸುಟ್ಟು ನೋಡಿದೆ."

ಮೂಲೆಯಲ್ಲಿ ಕೂತಿದ್ದ ಅಜ್ಜಿ, ಮೇಸ್ತ್ರಿಯ ತಾಯಿ, ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅವಳು ಪ್ರಾಯದಲ್ಲಿ ಗಣಿಯಿಂದ ಬುಟ್ಟಿ ಹೊತ್ತವಳು. "ನಲವತ್ತೇಳು ಅಂದ್ರೆ ಅರ್ಧಕ್ಕರ್ಧ ಕಲ್ಲು. ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋಯ್ತಂತೆ. ನಿನ್ನ ಗಾಡೀಲಿ ಹೂವೇ ಕಾಣಲ್ವಲ್ಲೋ ಮಗನೇ!"

"ಸುಮ್ನಿರವ್ವ" ಎಂದು ಮೇಸ್ತ್ರಿ ಮಗಳ ಕಡೆ ತಿರುಗಿದ. "ಏನು ಬರೆದೆ?"

"ಇನ್ನೂ ಬರೆದಿಲ್ಲ. ನಮ್ಮ ಸಾಹೇಬ್ರು ಮೂವತ್ನಾಲ್ಕು ಅಂತ ಬರೆದು ಸಹಿ ಹಾಕು ಅಂತಾರೆ. ನಾಳೆ ಹತ್ತು ಗಂಟೆವರೆಗೆ ಟೈಮು."

"ನಿಜ ಬರೆದ್ರೆ ಏನಾಗುತ್ತೆ?" ಎಂದು ಕೇಳಿದವಳು ಇಸ್ತ್ರಿಯಮ್ಮ.

"ಆ ಕಲ್ಲಿದ್ದಲು ನೇರ ಮಿಲ್ಲಿಗೆ ಹೋಗಲ್ಲ ಅಮ್ಮ. ಪಕ್ಕಕ್ಕೆ ಸುರಿದು, ಕಲ್ಲು ಆರಿಸಿ, ಒಳ್ಳೇದರ ಜೊತೆ ಬೆರೆಸಿ ಕೊಡಬೇಕು. ಗಣಿಗೆ ದೂರು ಹೋಗುತ್ತೆ. ತುಂಬಿದ್ದು ಯಾರು ಅಂತ ಕೇಳ್ತಾರೆ."

ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಎದುರಿಗೇ ಕೂತು ಈರುಳ್ಳಿ ಕಡಿಯುತ್ತಿದ್ದ.

"ಕಲ್ಲು ತುಂಬು ಅಂದಿದ್ದು ಯಾರಪ್ಪ? ಅವರ ಹೆಸರು ಹೇಳು" ಎಂದಳು ಮಗಳು.

"ಮ್ಯಾನೇಜರು ಹೇಳ್ತಾರೆ. ಕಲ್ಲಿನ ಪದರ ಬಿಡಿಸಿ ಅಗೆಯೋಕೆ ಹೊತ್ತಿಲ್ಲ, ಎಲ್ಲಾ ಒಟ್ಟಿಗೆ ಬಾಚಿ ಹಾಕು ಅಂತಾರೆ. ಈ ಸಲ ಪದರ ದಪ್ಪ ಇತ್ತು, ಯಾವತ್ತಿಗಿಂತ ಜಾಸ್ತಿ ಕಲ್ಲು ಹೋಗಿದೆ. ರೈಲಿನ ತೂಕ ಸರಿ ಬಂದ್ರೆ ಅವರಿಗೆ ಸಾಕು. ನಾನು ಬೆರಳು ಕಣಮ್ಮ, ಕೈ ಮೇಲಿದೆ. ನನ್ನನ್ನ ತೆಗೆದ್ರೆ ತೆಗೀಲಿ. ಹದಿನಾರು ಜನ ಇದ್ದಾರಲ್ಲ, ಅವರ ಮನೆ ಒಲೆಗೆ ನೀನು ನೀರು ಹಾಕ್ತೀಯಾ?"

"ಆ ಕಲ್ಲೆಲ್ಲ ಇವನ ಪೆಟ್ಟಿಗೆಗೆ ಬರುತ್ತೆ, ಅದು ಗೊತ್ತಾ ನಿನಗೆ?" ಮಗಳು ತಮ್ಮನ ಕಡೆ ಕೈ ತೋರಿಸಿದಳು.

ಮಿಲ್ಲು ಕಲ್ಲಿದ್ದಲನ್ನು ಅರೆಯುತ್ತದೆ. ಅರೆಯಲಾಗದ ಕಲ್ಲನ್ನು ಕೆಳಗಿನ ಒಂದು ಕಬ್ಬಿಣದ ಪೆಟ್ಟಿಗೆಗೆ ಉಗುಳುತ್ತದೆ. ಅದನ್ನು ಸಲಿಕೆಯಿಂದ ಗೋರಿ ತೆಗೆಯುವವನೇ ಗಿಡ್ಡ.

"ದಿನಾ ಬರೋ ನೆಂಟರೇ ಬಿಡು" ಎಂದು ಗಿಡ್ಡ ನಕ್ಕ. "ಅಪ್ಪ ಕಳಿಸ್ತಾನೆ, ನಾನು ಇಳಿಸ್ಕೋತೀನಿ. ಮನೆ ವ್ಯವಹಾರ."

ಜಗಳ ಬೆಳೆಯುವಂತಿತ್ತು. ಇಸ್ತ್ರಿಯಮ್ಮನಿಗೆ ಮನೆಯಲ್ಲಿ ಊಟದ ಹೊತ್ತಿಗೆ ಜಗಳವೆಂದರೆ ಆಗದು. ಬೆಳಗಿಗೆ ಇನ್ನೂ ನಲವತ್ತು ಅಂಗಿ ಉಳಿದಿದ್ದವು. ಅವಳು ಸೌಟನ್ನು ಪಾತ್ರೆಗೆ ಕುಕ್ಕಿ ಹೇಳಿಯೇಬಿಟ್ಟಳು:

"ಸಹಿ ಹಾಕು ಪುಟ್ಟಿ. ನಿನ್ನ ಸಾಹೇಬ್ರೇ ಹಾಕು ಅಂದಮೇಲೆ ನಿಂದೇನು ಗಂಟು ಹೋಗುತ್ತೆ? ಹೆತ್ತ ಅಪ್ಪನ ಹೊಟ್ಟೆ ಮೇಲೆ ಹೊಡೆಯೋ ಅಷ್ಟು ದೊಡ್ಡ ಸತ್ಯ ನಮಗೆ ಬೇಡ. ಮೊದಲು ಊಟ ಮಾಡು."

ಮಗಳು ಊಟ ಮಾಡಿದಳು. ಮರುದಿನ ಹತ್ತು ಗಂಟೆಗೆ ಸಹಿಯನ್ನೂ ಹಾಕಿದಳು.

ಗುರುವಾರ ಮಧ್ಯಾಹ್ನ ಇಸ್ತ್ರಿಯಮ್ಮ ಒಂದು ಅಂಗಿಯ ತೋಳು ಮಡಚುತ್ತಿದ್ದಾಗ ಗಿಡ್ಡನ ಜೊತೆ ಕೆಲಸ ಮಾಡುವ ಆಳು ಓಡಿಬಂದು ಮೇಜಿನ ಮುಂದೆ ನಿಂತ. ಅವನ ಹುಬ್ಬು ಸುಟ್ಟು ಹೋಗಿತ್ತು.

"ಅಕ್ಕ, ಆಸ್ಪತ್ರೆಗೆ ಬನ್ನಿ. ಜೀವಕ್ಕೇನೂ ಇಲ್ಲ. ಬನ್ನಿ."

ಜೀವಕ್ಕೇನೂ ಇಲ್ಲ ಎಂಬ ಮಾತು ಕೇಳಿದರೆ ಯಾವ ತಾಯಿಯ ಜೀವ ನಿಲ್ಲುತ್ತದೆ? ಅವಳು ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಬಿಟ್ಟೇ ಓಡಿದಳು. ಅಂಗಿ ಸುಟ್ಟು ಮೇಜು ಕರಕಾದ ಮೇಲೆ ಅಜ್ಜಿ ನೋಡಿ ನೀರು ಸುರಿದಳಂತೆ.

ಗಿಡ್ಡನ ಬಲಗೈ ಮೊಣಕೈವರೆಗೆ, ಕುತ್ತಿಗೆಯ ಒಂದು ಪಕ್ಕ, ಕಿವಿ, ಇಷ್ಟು ಬೆಂದಿತ್ತು. ಅವನು ಚೀರುತ್ತಿರಲಿಲ್ಲ, ಹಲ್ಲು ಕಟಕಟಿಸುತ್ತಿದ್ದ. ಹೊರಗೆ ಬೆಂಚಿನ ಮೇಲೆ ಕೂತು ಆ ಆಳು ನಡೆದದ್ದನ್ನು ಹೇಳಿದ.

"ಪೆಟ್ಟಿಗೆಗೆ ಎರಡು ಬಾಗಿಲು ಅಕ್ಕ. ಮೇಲಿಂದು ಮುಚ್ಚಿ ಆಮೇಲೆ ಕೆಳಗಿಂದು ತೆಗೀಬೇಕು. ಮೇಲಿಂದು ಮುಚ್ಚಿದ. ಮುಚ್ಚಿತು ಅಂತ ಅಂದ್ಕೊಂಡ. ಸಂದೀಲಿ ಇಷ್ಟಪ್ಪ ಕಲ್ಲು ಸಿಕ್ಕೊಂಡಿತ್ತು. ಕೆಳಗಿಂದು ತೆಗೆದದ್ದೇ ತಡ, ಮಿಲ್ಲಿನೊಳಗಿನ ಬಿಸಿಗಾಳಿ, ಪುಡಿ, ಬೆಂಕಿ ಎಲ್ಲಾ ಒಟ್ಟಿಗೆ ನುಗ್ಗಿತು. ಯಾವತ್ತೂ ಗಂಟೆಗೊಂದ್ಸಲ ತುಂಬೋ ಪೆಟ್ಟಿಗೆ. ಮೂರು ದಿನದಿಂದ ಹತ್ತು ನಿಮಿಷಕ್ಕೊಂದ್ಸಲ ತುಂಬ್ತಾ ಇತ್ತು. ಮಿಲ್ಲು ನಿಲ್ಲಿಸಿ ಅಂದ್ವಿ. ನಿಲ್ಲಿಸೋ ಹಾಗಿಲ್ಲ, ಗೋರಿ ಅಂದ್ರು."

ಮಗಳು ಬಿಳಿ ಕೋಟಿನಲ್ಲೇ ಬಂದು ನಿಂತಿದ್ದಳು.

"ಸೋಮವಾರದ ರೈಲು" ಎಂದಳು. "ನೇರ ಈ ಮಿಲ್ಲಿಗೇ ಹೋಗಿದೆ. ನಾನು ಮೂವತ್ನಾಲ್ಕು ಅಂತ ಬರೆದ ರೈಲು."

"ಪುಟ್ಟಿ, ಮೆತ್ತಗೆ ಮಾತಾಡು."

"ಯಾಕೆ ಮೆತ್ತಗೆ? ಸಹಿ ಹಾಕು ಅಂದಿದ್ದು ನೀನು. ಅಪ್ಪನೂ ಬಾಯಿಬಿಟ್ಟು ಹಾಗನ್ನಲಿಲ್ಲ. ನೀನು ಅಂದೆ. ಮೊದಲು ಊಟ ಮಾಡು ಅಂದೆ."

ಇಸ್ತ್ರಿಯಮ್ಮ ಕೈ ಎತ್ತಿದಳು. ಹೊಡೆಯಲು ಎತ್ತಿದ್ದ ಕೈ ಹೊಡೆಯದೆ ಕೆಳಗಿಳಿಯಿತು. ಮಗಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ಅವಳಿಗೆ ಅಷ್ಟು ಸಿಟ್ಟು ಬಂದಿತ್ತು.

ಹದಿನೆಂಟು ದಿನಕ್ಕೆ ಗಿಡ್ಡನನ್ನು ಮನೆಗೆ ಕಳಿಸಿದರು. ಬಲಗೈಯ ಮೂರು ಬೆರಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದರು. ಸ್ನಾನ, ಮುಲಾಮು, ಬಟ್ಟೆ ಸುತ್ತುವುದು, ತುತ್ತು ಮಾಡಿ ಬಾಯಿಗಿಡುವುದು, ಎಲ್ಲ ಇಸ್ತ್ರಿಯಮ್ಮನ ಪಾಲಿಗೆ ಬಂತು. ಇಪ್ಪತ್ತನಾಲ್ಕು ವರ್ಷದ ಮಗನಿಗೆ ತುತ್ತು ಕೊಡುವಾಗ ಅವನು ಗೋಡೆ ನೋಡುತ್ತಿದ್ದ. ತಮಾಷೆ ನಿಂತುಹೋಗಿತ್ತು. ಮನೆಯ ಒಳಗೆ ಮಾತೆಂದರೆ ಅಜ್ಜಿಯದು ಮಾತ್ರ. ಅವಳ ಬಾಯಿಗೆ ಬೀಗ ಹಾಕುವವನು ಇನ್ನೂ ಹುಟ್ಟಿರಲಿಲ್ಲ.

ಮೇಸ್ತ್ರಿ ಬೆಳಗ್ಗೆ ಬೇಗ ಹೋಗುತ್ತಿದ್ದ, ಸಂಜೆ ತಡವಾಗಿ ಬರುತ್ತಿದ್ದ. ಬಂದವನು ಮಗನ ಹಾಸಿಗೆಯ ಕಡೆಗೊಮ್ಮೆ ಹೋಗಿ "ಹೆಂಗಿದೆ?" ಎನ್ನುತ್ತಿದ್ದ. "ಇದೆ" ಎನ್ನುತ್ತಿದ್ದ ಮಗ. ಅಪ್ಪ ಮಗನ ಸಂಭಾಷಣೆ ಅಲ್ಲಿಗೆ ಮುಗಿಯುತ್ತಿತ್ತು. ಮಗಳು ಅಪ್ಪ ಕೂತ ಕೋಣೆಯಲ್ಲಿ ಕೂರುತ್ತಿರಲಿಲ್ಲ. ತಾಯಿಯ ಜೊತೆಗೂ ಮಾತು ಎಷ್ಟು ಬೇಕೋ ಅಷ್ಟೇ.

ಒಂದು ಸಂಜೆ ಇಸ್ತ್ರಿಯಮ್ಮ ನೀರು ಕೊಡುತ್ತ ಕೇಳಿದಳು. "ರೀ, ಇವತ್ತು ರೈಲು ತುಂಬಿದ್ರಾ?"

"ತುಂಬಿದೆ."

"ಸಿಂಗಾರ?"

ಅವನು ನೀರು ಕುಡಿದು ಲೋಟ ಕೆಳಗಿಟ್ಟ.

"ಆಯ್ತಾ ಅಂತ ಕೇಳಿದೆ."

"ಆಯ್ತು. ನಾನು ಮಾಡಿಸ್ದೆ ಇದ್ರೆ ಇನ್ನೊಬ್ಬ ಮಾಡಿಸ್ತಾನೆ. ನಿನಗೆ ಅರ್ಥ ಆಗಲ್ಲ."

ಅವಳ ಮೈ ಹತ್ತಿ ಉರಿಯಿತು. ಒಳಗೆ ಮಗ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಬಿದ್ದಿದ್ದಾನೆ, ಇವನು ಇಂದಿಗೂ ಐದನೇ ಗಾಡಿಗೆ ಪೌಡರು ಹಚ್ಚಿ ಬಂದಿದ್ದಾನೆ! ಲೋಟವನ್ನು ಎತ್ತಿ ಎಸೆಯಬೇಕು ಎನಿಸಿತು. ಎಸೆದರೆ ಸೊಟ್ಟಗಾಗುವುದು ತನ್ನ ಲೋಟವೇ ಎಂದು ಬಿಟ್ಟಳು.

ಮರುದಿನ ಮಗನಿಗೆ ಊಟ ಮಾಡಿಸಿ, ಹಳೆಯ ಹಿಟ್ಟಿನ ಚೀಲ ಹಿಡಿದು ಸ್ಥಾವರದ ಬೇಲಿಯ ಆಚೆ ಹೋದಳು. ಅಲ್ಲಿ ಗಾಡಿಗಳನ್ನು ಮಗುಚಿ ಕಲ್ಲಿದ್ದಲು ಸುರಿಯುತ್ತಾರೆ. ಹಳಿಯ ಪಕ್ಕ ಚೆಲ್ಲಿದ್ದನ್ನು ಬಡವರ ಮನೆ ಹೆಂಗಸರು ಆರಿಸಿ ಒಯ್ಯುತ್ತಾರೆ. ಇಸ್ತ್ರಿಯಮ್ಮ ಆರಿಸಲಿಲ್ಲ. ಎರಡು ಕೈಯಲ್ಲಿ ಬಾಚಿ ಬಾಚಿ, ಬಂದದ್ದು ಬಂದ ಹಾಗೆ ತುಂಬಿದಳು.

"ಅದರಲ್ಲಿ ಬರೀ ಕಲ್ಲಿದೆಯಲ್ಲಕ್ಕ, ನಿಮಗೇನು ಬಂತು?" ಎಂದಳು ಪಕ್ಕದಲ್ಲಿದ್ದ ಹೆಂಗಸು.

"ಇದೇ ಬೇಕು. ನಮ್ಮನೆಯೋರೇ ತುಂಬಿರೋ ಮಾಲು."

ಸಂಜೆ ಐದಕ್ಕೆ ಒಲೆ ಹಚ್ಚಿದಳು. ಮೇಸ್ತ್ರಿ ತಂದ ಒಳ್ಳೆಯ ಕಲ್ಲಿದ್ದಲಿನ ಚೀಲವನ್ನು ಬಾಯಿ ಕಟ್ಟಿ ಹಿತ್ತಿಲಿಗೆ ನೂಕಿದಳು. ಹೊಗೆ ಎದ್ದಿತು, ಉರಿ ಏಳಲಿಲ್ಲ. ಊದಿ ಊದಿ ಕಣ್ಣು ಕೆಂಪಾಯಿತು. ಒಂದು ಕಲ್ಲು ಫಟ್ಟೆಂದು ಸಿಡಿದು ಗೋಡೆಗೆ ಬಡಿಯಿತು. ಏಳಾದರೂ ಅನ್ನದ ನೀರು ಕುದಿಯಲೋ ಬೇಡವೋ ಎಂದು ಗುಳುಗುಳು ಎನ್ನುತ್ತಿತ್ತು.

ಅಜ್ಜಿ ಒಂದು ತುಂಡನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಇದನ್ನ ಉರಿಸೋದಕ್ಕಿಂತ ತಲೆಗೆ ಹೊಡಿಯೋದಕ್ಕೆ ಇಟ್ಕೋ."

"ಅದಕ್ಕೂ ಇಟ್ಕೊಂಡಿದ್ದೀನಿ ಅತ್ತೆ."

ಎಂಟಕ್ಕೆ ಮೇಸ್ತ್ರಿ ಕೈಕಾಲು ತೊಳೆದು ಕೂತ. ಅವಳು ತಟ್ಟೆಗೆ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟು, ಅಗಿದು, ಮತ್ತೆ ಅಗಿದು, ತಟ್ಟೆಯ ಅಂಚಿಗೆ ಉಗುಳಿದ.

"ಅನ್ನ ಬೆಂದಿಲ್ಲ."

"ಬೇಯಲ್ಲ. ಐದು ಗಂಟೆಯಿಂದ ಊದ್ತಾ ಇದ್ದೀನಿ. ನೀವು ತುಂಬಿರೋ ಕಲ್ಲಿದ್ದಲಲ್ಲೇ ಮಾಡಿದ್ದು."

"ತಲೆ ಕೆಟ್ಟಿದ್ಯಾ ನಿನಗೆ? ಹಿತ್ತಲಲ್ಲಿ ಒಳ್ಳೇ ಚೀಲ ಇದೆ."

"ಅದು ಮೇಲಿನ ಒಂದು ಗೇಣು. ನಮ್ಮನೆಗೆ ಮೇಲಿಂದು, ಮಗನ ಮಿಲ್ಲಿಗೆ ಕೆಳಗಿಂದು. ಎಷ್ಟು ವರ್ಷ ಹಂಗೆ ಉಣ್ಣಿಸಿದ್ರಿ ನಮಗೆ? ಇನ್ನು ಮೇಲೆ ಅವನ ಪೆಟ್ಟಿಗೆಗೆ ಬಿದ್ದಿದ್ದೇ ನಮ್ಮ ಒಲೆಗೂ. ಉಣ್ಣಿ."

"ನಾನು ಬೆರಳು ಅಂತ ಎಷ್ಟು ಸಲ..."

"ಬೆರಳಿಲ್ಲದೆ ಯಾವ ಕೈ ಏನು ಹಿಡಿಯುತ್ತೆ ರೀ?" ಅವಳ ದನಿ ಬೀದಿಗೆ ಕೇಳುವಷ್ಟು ಏರಿತು. "ಅಲ್ಲಿ ಒಳಗೆ ಹೋಗಿ ನೋಡಿ. ಮೂರು ಬೆರಳು ಮಡಚ್ತಿಲ್ಲ ಅವನಿಗೆ. ಬೆರಳಂತೆ ಬೆರಳು!"

ಒಳಗಿನಿಂದ ಗಿಡ್ಡ ಕೂಗಿದ. "ಅಮ್ಮ, ಸಾಕು ಬಿಡಮ್ಮ."

"ನಿನಗೆ ಸಾಕು, ನನಗೆ ಸಾಕಾಗಿಲ್ಲ!"

ಮೇಸ್ತ್ರಿ ತಟ್ಟೆ ಬಿಟ್ಟು ಎದ್ದ. ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದು, ಬಂದು ಮಲಗಿದ. ಅವಳು ಆ ತಟ್ಟೆಯನ್ನು ತೊಳೆಯಲಿಲ್ಲ. ಬೆಳಗ್ಗೆ ಅವನೇ ಅದನ್ನು ನಲ್ಲಿಯ ಕೆಳಗೆ ಇಟ್ಟು, ಅನ್ನದ ಅಗುಳು ಬಳಿದು, ಉಜ್ಜಿ ತೊಳೆದಿಟ್ಟು ಕೆಲಸಕ್ಕೆ ಹೋದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಅವಳಿಗೆ ಅದರಿಂದ ಒಂದಿಷ್ಟೂ ಕನಿಕರ ಬರಲಿಲ್ಲ.

ಮತ್ತೆ ಎರಡು ವಾರ ಆ ಮನೆಯವರು ಅರೆಬೆಂದ ಅನ್ನ, ಕರಕು ವಾಸನೆಯ ಬೇಳೆ ತಿಂದರು. ಗಿಡ್ಡನಿಗೆ ಮಾತ್ರ ಅವಳು ಪಕ್ಕದ ಮನೆಯ ಒಲೆಯಲ್ಲಿ ಮೊಟ್ಟೆ ಬೇಯಿಸಿ ತರುತ್ತಿದ್ದಳು.

ಒಂದು ಭಾನುವಾರ ಬೆಳಗ್ಗೆ ಸ್ಥಾವರದ ಸುರಕ್ಷತಾ ಅಧಿಕಾರಿ ಮನೆಗೆ ಬಂದ. ಜೊತೆಗೆ ಒಬ್ಬ ಗುಮಾಸ್ತ, ಅವನ ಕೈಯಲ್ಲಿ ಒಂದು ಫೈಲು. ಅಪಘಾತವಾಗಿ ಆರನೇ ವಾರಕ್ಕೆ ಸುರಕ್ಷತೆಗೆ ದಾರಿ ಗೊತ್ತಾಗಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರು ಇಷ್ಟು ನಿಧಾನ ಮಾಡಿದರೇನು ತಪ್ಪು? ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟರು. ಎಲ್ಲರೂ ಇದ್ದರು. ಅಧಿಕಾರಿ ಗಿಡ್ಡನ ಕೈಯನ್ನು ನೋಡಿ ತಲೆ ಕೊಡವಿದ, ಚಹಾ ಬೇಡವೆಂದ.

"ಒಂದು ಹೇಳಿಕೆ ಬೇಕಿತ್ತು. ತನಿಖೆ ಮುಗಿಸಬೇಕಲ್ಲ. ಸಹಿ ಆದ್ರೆ ಹುಡುಗನಿಗೆ ಒಳಗೇ ಕೂತು ಮಾಡೋ ಕೆಲಸ ಕೊಡಿಸ್ತೀನಿ. ಗೇಟಿನ ಹತ್ರ ಟೋಕನ್ ಕೊಡೋದು. ಒಂದು ಕೈ ಸಾಕು."

"ಸಹಿ ಆಗದಿದ್ರೆ?" ಎಂದಳು ಮಗಳು.

"ಗುತ್ತಿಗೆ ಮುಗಿಯುತ್ತೆ. ಅದು ನನ್ನ ಕೈಯಲ್ಲಿಲ್ಲಮ್ಮ."

ಇಸ್ತ್ರಿಯಮ್ಮ ಕೈ ಚಾಚಿದಳು. "ಕೊಡಿ, ಓದ್ತೀನಿ." ಅವಳಿಗೆ ಓದು ಬರುವುದು ಕೂಡಿಸಿ ಕೂಡಿಸಿ. ಅದನ್ನು ಗಟ್ಟಿಯಾಗಿ ಓದಿದಳು: "ಮೇಲಿನ ಬಾಗಿಲು ಮುಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳದೆ, ನನ್ನ ಸ್ವಂತ ಅಜಾಗರೂಕತೆಯಿಂದ ಕೆಳಗಿನ ಬಾಗಿಲನ್ನು ತೆರೆದಿರುತ್ತೇನೆ. ಇದಕ್ಕೆ ಬೇರೆ ಯಾರೂ ಕಾರಣರಲ್ಲ."

ಓದಿ ಮುಗಿಸಿ ಕಾಗದವನ್ನು ಮಗಳ ಕಡೆ ತಿರುಗಿಸಿ ಹಿಡಿದಳು.

"ಕಲ್ಲಿನ ಸುದ್ದೀನೇ ಇಲ್ಲವಲ್ಲ" ಎಂದಳು ಮಗಳು.

"ಕಲ್ಲಿದ್ದಲು ಸರಿಯಾಗೇ ಇತ್ತಮ್ಮ. ಲ್ಯಾಬಿನ ವರದಿ ಇದೆ, ಮೂವತ್ತನಾಲ್ಕು." ಅಧಿಕಾರಿ ಅವಳನ್ನು ದಿಟ್ಟಿಸಿ ನೋಡಿದ. "ಸಹಿ ನಿಮ್ಮದೇ."

ಗುಮಾಸ್ತ ಶಾಯಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. "ಬಲಗೈ ಆಗಲ್ಲ ಅಂತ ಗೊತ್ತಿತ್ತು. ಎಡಗೈ ಹೆಬ್ಬೆಟ್ಟು ಒತ್ತಿದ್ರೆ ಸಾಕು."

ಗಿಡ್ಡ ಅಪ್ಪನನ್ನು ನೋಡಿದ. ಮೇಸ್ತ್ರಿ ನೆಲ ನೋಡುತ್ತ ಹೇಳಿದ: "ಒತ್ತು ಮಗ. ಕೆಲಸ ಆದ್ರೂ ಉಳಿಯುತ್ತೆ."

ಗಿಡ್ಡ ಎಡಗೈ ಮುಂದೆ ಚಾಚಿದ. ಅಷ್ಟರಲ್ಲಿ ಇಸ್ತ್ರಿಯಮ್ಮ ಶಾಯಿಯ ಡಬ್ಬಿಯನ್ನು ಗುಮಾಸ್ತನ ಕೈಯಿಂದ ಕಿತ್ತುಕೊಂಡಳು. ತನ್ನ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಆ ಕಾಗದದ ಮೇಲೆ, ಮಗನ ಹೆಬ್ಬೆಟ್ಟಿಗೆಂದು ಬಿಟ್ಟಿದ್ದ ಜಾಗದಲ್ಲಿ ಒತ್ತಿದಳು.

"ಏನಮ್ಮ ಮಾಡ್ತಿದ್ದೀರಿ?" ಅಧಿಕಾರಿ ಎದ್ದುನಿಂತ.

"ಅಜಾಗರೂಕತೆ ಅಂತ ಬರೆದಿದ್ದೀರಲ್ಲ, ಅದು ನಂದು. ನಲವತ್ತೇಳು ಬಂದಿತ್ತು ಸಾಹೇಬ್ರೇ. ಮೂವತ್ನಾಲ್ಕು ಅಂತ ಸಹಿ ಹಾಕು ಅಂತ ಮಗಳಿಗೆ ಹೇಳಿದವಳು ನಾನು. ಇದೇ ಜಾಗದಲ್ಲಿ ಕೂತು, ಸೌಟು ಕುಕ್ಕಿ ಹೇಳಿದೆ. ಅದನ್ನ ಬರ್ಕೊಳ್ಳಿ."

"ಇದು ಸರ್ಕಾರಿ ಲೆಕ್ಕದ ಕಾಗದ! ಹಾಳು ಮಾಡಿದ್ರಲ್ಲ!"

"ನನ್ನ ಮಗ ಹಾಳಾದಾಗ ಆರು ವಾರ ಬಿಟ್ಟು ಬಂದ್ರಿ. ಕಾಗದ ಹಾಳಾದ್ರೆ ನಿಂತ ನಿಲುವಲ್ಲೇ ಕೂಗ್ತೀರಲ್ಲ!"

ಮಗಳು ಮುಂದೆ ಬಂದಳು. ಪೆನ್ನು ತೆಗೆದು ತಾಯಿಯ ಹೆಬ್ಬೆಟ್ಟಿನ ಕೆಳಗೆ ಬರೆದಳು: ಸುಳ್ಳು ವರದಿಗೆ ಸಹಿ ಹಾಕಿದವಳು ನಾನು, ಬಂದ ಅಂಕಿ ನಲವತ್ತೇಳು. ಹೆಸರು ಬರೆದಳು, ತಾರೀಕು ಹಾಕಿದಳು. "ಆ ದಿನದ ಮಾದರಿ ಡಬ್ಬಿ ಇನ್ನೂ ಇದೆ. ಮೊಹರು ಮಾಡಿ ಇಟ್ಟಿದ್ದೀನಿ. ಯಾರು ಬೇಕಾದ್ರೂ ಸುಟ್ಟು ನೋಡಬಹುದು."

ಅಜ್ಜಿ ನೆಲಕ್ಕೆ ಕೈಯೂರಿ ಎದ್ದು ಬಂದಳು. "ಅದೇನು ಒತ್ತೋದು, ನನಗೂ ಕೊಡಿ. ಈ ಮೇಸ್ತ್ರೀನ ಹೆತ್ತಿದ್ದು ನಾನು. ನಂದೂ ಅಜಾಗರೂಕತೆನೇ." ಅವಳೂ ಒತ್ತಿದಳು. ಅಂಥ ಹೊತ್ತಿನಲ್ಲೂ ಗುಮಾಸ್ತನಿಗೆ ನಗು ಬಂದು, ಸಾಹೇಬರ ಮುಖ ನೋಡಿ ನುಂಗಿಕೊಂಡ.

ಇಸ್ತ್ರಿಯಮ್ಮ ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಗಂಡನ ಮುಂದೆ ನೆಲದ ಮೇಲಿಟ್ಟಳು.

"ನೋಡಿ ಮೇಸ್ತ್ರಿ" ಎಂದ ಅಧಿಕಾರಿ, ದನಿ ತಗ್ಗಿಸಿ. "ನಿಮಗಾದರೂ ಬುದ್ಧಿ ಇರಬೇಕು. ನಾಳೆ ನಿಮಗೂ ಕೆಲಸ ಇರಲ್ಲ, ಮಗಳಿಗೂ ಇರಲ್ಲ. ನಾನು ಹೇಳಬೇಕಾಗಿಲ್ಲ."

"ಹೇಳಬೇಕಾಗಿಲ್ಲ" ಎಂದ ಮೇಸ್ತ್ರಿ. ಅವನು ಮಗನ ಕೈಯನ್ನು ನೋಡುತ್ತಿದ್ದ. ಇಷ್ಟು ದಿನ 'ಹೆಂಗಿದೆ' ಎಂದು ಕೇಳುತ್ತಿದ್ದವನು ಆ ಕೈಯನ್ನು ನೋಡಿದ್ದು ಬಹುಶಃ ಈಗಲೇ. ಗುಲಾಬಿ ಬಣ್ಣಕ್ಕೆ ತಿರುಗಿದ ಚರ್ಮ, ಅರ್ಧಕ್ಕೇ ನಿಂತ ಮೂರು ಬೆರಳು. ಅವನು ಶಾಯಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ಹೆಬ್ಬೆಟ್ಟು ಯಾಕೆ? ನನಗೆ ಬರೆಯೋಕೆ ಬರುತ್ತೆ. ಪೆನ್ನು ಕೊಡು ಪುಟ್ಟಿ."

ಕಾಗದವನ್ನು ತಿರುವಿ, ಹಿಂಬದಿಯಲ್ಲಿ ಬರೆಯತೊಡಗಿದ. ದಪ್ಪ ಅಕ್ಷರ, ಒತ್ತಿ ಒತ್ತಿ ಬರೆಯುವವನು. ಮೊದಲು ಮ್ಯಾನೇಜರನ ಹೆಸರು. ಅದರ ಕೆಳಗೆ ಆ ಸೋಮವಾರದ ತಾರೀಕು. ಅದರ ಮುಂದೆ ಸಿಂಗಾರ ಮಾಡಿದ ಆರು ಗಾಡಿಗಳ ನಂಬರು, ಕೊನೆಯ ನಾಲ್ಕು ನಾಲ್ಕು ಅಂಕಿ. ಅದು ಮುಗಿದ ಮೇಲೆ ಪೆನ್ನು ನಿಲ್ಲಲಿಲ್ಲ. ಅದರ ಹಿಂದಿನ ರೈಲಿನ ತಾರೀಕು, ಆರು ನಂಬರು. ಅದರ ಹಿಂದಿನದು, ಮತ್ತೆ ಆರು. ಒಂದು ಕಡೆಯೂ ತಡವರಿಸಲಿಲ್ಲ, ಯಾವುದನ್ನೂ ಹೊಡೆದುಹಾಕಿ ತಿದ್ದಲಿಲ್ಲ. ಅಧಿಕಾರಿ ಗುಮಾಸ್ತನನ್ನು ಕರೆದುಕೊಂಡು ಹೊರಟುಹೋದದ್ದನ್ನು ಅವನು ಗಮನಿಸಿದಂತೆಯೂ ಕಾಣಲಿಲ್ಲ.

ಗಿಡ್ಡ ಬಗ್ಗಿ ನೋಡಿದ. "ಅಪ್ಪ, ಇಷ್ಟೆಲ್ಲ ನೆನಪಿದ್ಯಾ ನಿನಗೆ?"

"ಎಲ್ಲಾ ನೆನಪಿದೆ."

ಇಸ್ತ್ರಿಯಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಇನ್ನಷ್ಟು ಉರಿ ಹತ್ತಿತು. ಇಷ್ಟೊಂದು ಗಾಡಿಗಳನ್ನು ಒಂದೊಂದಾಗಿ ತಲೆಯಲ್ಲಿ ಇಟ್ಟುಕೊಂಡು ಈ ಮನುಷ್ಯ ಇಷ್ಟು ವರ್ಷ ತನ್ನ ಎದುರಿಗೆ ಕೂತು ಹೇಗೆ ಉಂಡ, ಹೇಗೆ ಮಲಗಿದ, ಮಗನನ್ನು ಆ ಮಿಲ್ಲಿಗೆ ಕೆಲಸಕ್ಕೆ ಹೇಗೆ ಕಳಿಸಿದ?

ಕಾಗದ ತುಂಬಿತು. ಮೇಸ್ತ್ರಿ ತಲೆ ಎತ್ತದೆ ಎಡಗೈ ಚಾಚಿದ.

"ಇನ್ನೊಂದು ಹಾಳೆ ಕೊಡು."

ಅವಳು ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳುಗಳ ಹಾಳೆಗಳನ್ನೆಲ್ಲ ಪರಪರ ಹರಿದು, ಅವನ ಮುಂದೆ ಎಸೆದಳು.

"ಬರೀರಿ" ಎಂದಳು. "ಮುಗಿಯೋವರೆಗೂ ಏಳಬೇಡಿ."